ದಾನಮ್ಮನ ಹಲ್ಲಿನ ಕ್ಲಿಪ್

ಬಾಳೇಶನ ಬಲಗೈ ಗೆಣ್ಣುಗಳ ಮೇಲೆ ಮೂರು ಹಸಿ ಗಾಯಗಳಿದ್ದವು. ಕುರ್ಚಿಯಲ್ಲಿ ಅವನ ತಂಗಿ ದಾನಮ್ಮ ಬಾಯಿ ತೆರೆದು ಮಲಗಿದ್ದಳು. ಮೇಲ್ತುಟಿ ಸೀಳಿತ್ತು. ಉಬ್ಬುಹಲ್ಲು ನೆಟ್ಟಗಾಗಲೆಂದು ಹಾಕಿದ್ದ ಕ್ಲಿಪ್ಪಿನ ತಂತಿ ಬಾಗಿ ಒಸಡಿಗೆ ಚುಚ್ಚಿಕೊಂಡಿತ್ತು. ಹಲ್ಲಿನ ಡಾಕ್ಟರ್ ವಚನಾ ಕಿತ್ತುಹೋದ ಕ್ಲಿಪ್ಪುಗಳನ್ನೊಮ್ಮೆ ನೋಡಿದಳು, ಆ ಗೆಣ್ಣುಗಳನ್ನೊಮ್ಮೆ. ಅಳತೆ ಸರಿಯಾಗಿ ಹೊಂದಿತು.

“ಏನಾಯ್ತಮ್ಮ?”

“ಮೆಟ್ಟಲದಾಗ ಬಿದ್ದೆ ರೀ,” ಎಂದಳು ದಾನಮ್ಮ, ರಕ್ತ ನುಂಗುತ್ತಾ.

ಹೋದ ಸಲ ಬಚ್ಚಲಲ್ಲಿ ಬಿದ್ದಿದ್ದಳು. ಅದಕ್ಕೂ ಮುಂಚೆ ಬಸ್ಸಿನಿಂದ. ಮೊದಮೊದಲು ಕೊಬ್ಬರಿ ಕಡಿದೆ, ಕಬ್ಬು ಕಡಿದೆ ಎನ್ನುತ್ತಿದ್ದಳು. ಕಿತ್ತ ಕ್ಲಿಪ್ಪನ್ನು ವಚನಾ ಅಲ್ಲೇ ಅಂಟಿಸಿ ಕಳಿಸುತ್ತಿದ್ದಳು. ಈಗ ಹಾಗಲ್ಲ. ಬಾಯಿ ಹೀಗೆ ಊದಿದರೆ ವಾಸಿಯಾಗುವ ತನಕ ತಂತಿ ಬಿಗಿಯುವಂತಿಲ್ಲ. ಇನ್ನೊಂದು ಏಟಿಗೆ ಈ ಹುಡುಗಿ ಸತ್ತೇ ಹೋದರೆ?

“ಮಾರ್ಚ್ ಒಳಗ ಮುಗೀತೈತೇನ್ರಿ ಇದು?” ಬಾಳೇಶ ಕೇಳಿದ.

“ಎಲ್ಲಿ ಮುಗಿಯುತ್ತೆ? ಹಿಂಗೇ ಬೀಳ್ತಾ ಇದ್ರೆ ಮುಂದಿನ ವರ್ಷವೂ ಮುಗಿಯಲ್ಲ.”

ಅವನ ಮುಖ ಹಗುರಾಯಿತು. ನಾಚಿಕೆಗೆಟ್ಟವನು! ಡೆಲಿವರಿ ಬ್ಯಾಗನ್ನು ಹೆಗಲಿಗೇರಿಸಿ, ತಂಗಿಯ ನರ್ಸಿಂಗ್ ಪುಸ್ತಕ ಎತ್ತಿಕೊಂಡು ಅವಳ ಕೈ ಹಿಡಿದ. ಅವಳೂ ಬಿಡಿಸಿಕೊಳ್ಳಲಿಲ್ಲ. ಹೊಡೆಯುವ ಕೈಯನ್ನೇ ಹಿಡಿದುಕೊಂಡು ಬದುಕುವ ಹೆಂಗಸರನ್ನು ವಚನಾ ಬೇಕಾದಷ್ಟು ನೋಡಿದ್ದಳು. ಈ ಸಲ ನೋಡಿಕೊಂಡು ಸುಮ್ಮನಿರುವುದಿಲ್ಲ ಎಂದುಕೊಂಡಳು. ಪೊಲೀಸರಿಗೆ ಫೋನ್ ಮಾಡಿದಳು, ಅಣ್ಣತಂಗಿಯ ಸೋದರಮಾವನಿಗೆ ಮಾಡಿದಳು, ಕಿಟಕಿಯಿಂದ ಬಗ್ಗಿ ಕೆಳಗಿನ ಮೆಡಿಕಲ್ ಶಾಪಿನ ಮುರುಗೇಶನನ್ನು ಕೂಗಿದಳು.

“ಏನೋ, ಹೆಣ್ಮಗು ಮೇಲೆ ಕೈ ಮಾಡ್ತೀಯೇನೋ?” ಮುರುಗೇಶ್ ಹೆಲ್ಮೆಟ್ಟಿನಿಂದಲೇ ಹೊಡೆಯಲು ಶುರುಮಾಡಿದ. ಬಿದ್ದವನಿಗೆ ಆಳಿಗೊಂದು ಕಲ್ಲು. ಗೋವಿಂದರಾಜನಗರದ ಆ ಬೀದಿಯಲ್ಲಿ ಕಲ್ಲಿಗೂ ಬರವಿಲ್ಲ, ಆಳಿಗೂ ಬರವಿಲ್ಲ. ಬಾಳೇಶನನ್ನು ಮೆಟ್ಟಿಲ ಮೇಲಿಂದ ದರದರ ಎಳೆದು ತುಳಿದರು. ಪಕ್ಕೆಲುಬು ಮುರಿದ ಸದ್ದು ವಚನಾಳಿಗೂ ಕೇಳಿಸಿತು. ಅವಳು ಬೇಡವೆನ್ನಲಿಲ್ಲ.

“ನೀನೇ ತಾನೆ ಹೊಡೆದಿದ್ದು? ಬೊಗಳೋ!”

“ಹೌದ್ರಿ. ನಾನ ಹೊಡದೀನಿ.”

ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ದಾನಮ್ಮ ಅವನ ಮೇಲೆ ಅಡ್ಡಬಿದ್ದು ಏನೋ ಕಿರುಚುತ್ತಿದ್ದಳು; ಆ ಗಲಾಟೆಯಲ್ಲಿ, ಆ ಊದಿದ ಬಾಯಲ್ಲಿ ಒಂದು ಮಾತೂ ತಿಳಿಯಲಿಲ್ಲ. ಅಷ್ಟರಲ್ಲಿ ಸೋದರಮಾವ ಅಮೀನಪ್ಪ ಬಂದ. ಅವಳು ತಟ್ಟನೆ ಸುಮ್ಮನಾದಳು.

ಅಮೀನಪ್ಪನಿಗೆ ಬ್ಯಾಡರಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಹೆಂಡತಿ ಸತ್ತ ಒಂಟಿ ಮನುಷ್ಯ. ತಂದೆತಾಯಿಯಿಲ್ಲದ ಇಬ್ಬರನ್ನೂ ಸಾಕಿದವನು; ಕ್ಲಿಪ್ಪಿನ ಖರ್ಚೂ ಅವನದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆ ಮಾತು. ವಚನಾಳಿಗೆ ಎರಡೂ ಕೈ ಮುಗಿದ.

“ಮನ್ಯಾಗ ಹಾವು ಸಾಕಿದ್ದೆ ನೋಡ್ರಿ ಮೇಡಂ. ಗೊತ್ತ ಆಗಲಿಲ್ಲ.”

ಪೊಲೀಸರು ಬಾಳೇಶನನ್ನು ಜೀಪಿಗೆ ತುಂಬಿಕೊಂಡು ಹೋದರು. ಅವನಿಗೆ ಜಾಮೀನು ಕೊಡಿಸಲು ಅಮೀನಪ್ಪ ಒಪ್ಪಲಿಲ್ಲ ಎಂದು ಆಮೇಲೆ ತಿಳಿಯಿತು. ನ್ಯಾಯವಂತ ಎಂದುಕೊಂಡಳು ವಚನಾ.

ಗಾಯ ಮಾಗಿದ ಮೇಲೆ ದಾನಮ್ಮನನ್ನು ಮಾವನೇ ಕರೆತಂದ. ವಚನಾ ಹೊಸ ತಂತಿ ಕಟ್ಟಿದಳು. ಅವಳಿಗೆ ಬಹಳ ಖುಷಿಯಾಗಿತ್ತು, ಸ್ವಲ್ಪ ಜಂಬವೂ ಇತ್ತು.

“ಇನ್ನು ಯಾರೂ ಹೊಡೆಯೋರಿಲ್ಲ. ಫೆಬ್ರವರಿಗೆಲ್ಲ ಕ್ಲಿಪ್ ತೆಗೆದುಬಿಡ್ತೀನಿ.”

“ದೇವರಂಥಾಕಿ ನೀವು,” ಎಂದು ಅಮೀನಪ್ಪ ಯಾರಿಗೋ ಫೋನ್ ಮಾಡುತ್ತಾ ಹೊರಗೆ ಹೋದ.

ಬಾಗಿಲು ಮುಚ್ಚಿದ್ದೇ ತಡ, ದಾನಮ್ಮ ಎದ್ದು ಕೂತಳು. ವಚನಾಳ ಬಲಗೈ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, ತನ್ನ ತುಟಿಗೆ ಒತ್ತಿಕೊಂಡಳು.

“ಹಲ್ಲು ನೆಟ್ಟಗಾದ ಕೂಡಲೇ ಮಾಮಾ ನನ್ನ ಲಗ್ನಾ ಆಗಾಂವ ಅದಾನ್ರಿ. ಮೊದಲನೇ ಹೇಣ್ತೀನ ಅವನೇ ಸುಟ್ಟ ಕೊಂದಾನ. ಮಾರ್ಚ್‌ದಾಗ ಪರೀಕ್ಷಾ ಮುಗಿಸಿ, ನೌಕರಿ ಹಿಡದ ಓಡಿಹೋಗಾಕಿದ್ದೆ. ಅಲ್ಲೀತನಕಾ ಹೊಡಿಯೋ ಅಂತ ಅಣ್ಣನ ಕಾಲ ಹಿಡಕೊಂಡಿದ್ದೆ; ಅಳಕೋತ ಹೊಡೀತಿದ್ದ. ಅವನ್ನಂತೂ ಒಳಗ ಹಾಕಿಸಿದ್ರಿ. ಇನ್ನ ನೀವ ಹೊಡೀಬೇಕ್ರಿ, ಡಾಕ್ಟರ.”