ತಲೆ ಮೇಲೆ ದೆವ್ವದ ಪುಸ್ತಕ

ಮೊನ್ನೆ ಮೊಮ್ಮಗನಿಗೆ ಬಜೆಯ ಬೇರು ತೇಯುತ್ತಿದ್ದಾಗ ಅದರ ಘಾಟು ನನ್ನನ್ನು ಇಳಕಲ್ಲಿನ ನಮ್ಮ ಮಗ್ಗದ ಮನೆಗೆ ಎಳೆದೊಯ್ದಿತು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಚರ್ಚಿನ ಫಾದರ್ ಒಂದು ಹಳೆಯ ಲ್ಯಾಟಿನ್ ಪುಸ್ತಕ ತಂದಿದ್ದರು. ತೊಗಲಿನ ರಟ್ಟು, ಒಳಗೆ ಕೋಡು ಮೂಡಿದ ದೆವ್ವಗಳ ಚಿತ್ರ. ದೆವ್ವ ಬಿಡಿಸುವ ಪುಸ್ತಕವೆಂದು ತಿಳಿದದ್ದೇ ತಡ, ಬೈಂಡಿಂಗ್ ಅಂಗಡಿಯ ಕಾಕಾ ಅದನ್ನು ಮುಟ್ಟಲು ಒಪ್ಪಿರಲಿಲ್ಲ. ಹೊಲಿಗೆ ಬಿಚ್ಚಿ, ಹುಳ ತಿಂದು, ಹಾಳೆಗಳು ಜರಡಿಯಾಗಿದ್ದವು.

"ಸೀರಿಗೆ ಸೆರಗು ಕೂಡಸೋ ಕೈ ರೀ ನಿಮ್ದು, ಅಮ್ಮಾರ. ಇದನ್ನೂ ಕೂಡಸ್ತೀರೇನು?" ಎಂದು ಫಾದರ್ ನನ್ನ ಅಜ್ಜಿಯನ್ನು ಕೇಳಿ, ಪುಸ್ತಕ ಬಿಟ್ಟು ಹೋದರು.

ನಾನು ಮಗ್ಗದ ಹಿಂದೆ ಅಡಗಿದ್ದೆ. ಅಜ್ಜಿ ಹಾಳೆ ತಿರುವಿದಳು. ದೊಡ್ಡ ದೆವ್ವದ ಹೊಟ್ಟೆಯಲ್ಲೇ ತೂತು!

"ಮಂದೀಗೆ ಹಿಡದ ದೆವ್ವ ಬಿಡಸ್ತೈತಂತ. ತನಗ ಹತ್ತಿದ ಹುಳ ಬಿಡಿಸ್ಕೊಳ್ಳಾಕ ಆಗಿಲ್ಲ ನೋಡು. ಬಾ ಇಲ್ಲೆ, ಸೂಜಿ ಪೋಣಿಸು."

ಮಗ್ಗದ ಹಿಂದಿನಿಂದ ಬಂದು ಪೋಣಿಸಿದೆ. ಅಜ್ಜಿ ಹುಳ ಕೊಡವಿ, ರೇಷ್ಮೆ ದಾರದಿಂದ ಹೊಲಿದು, ಹುಳ ಹತ್ತದಂತೆ ಸೀರೆಗಳ ಪೆಟ್ಟಿಗೆಯಲ್ಲಿಟ್ಟಿದ್ದ ಬಜೆಯ ಬೇರು ಕುಟ್ಟಿ ಸಂದುಗಳಿಗೆ ಉದುರಿಸಿದಳು. ಹೊತ್ತು ಇಳಿಯುವಷ್ಟರಲ್ಲಿ ಪುಸ್ತಕ ಗಟ್ಟಿಯಾಗಿ ನಿಂತಿತು.

"ನೀನ ಒಯ್ದು ಕೊಟ್ಟು ಬಾ" ಎಂದು ನನ್ನ ತಲೆಯ ಮೇಲೆ ಇಟ್ಟಳು.

ಓಣಿಗಿಳಿದೆ. ದಿನಾ ನನ್ನ ಜಡೆ ಎಳೆಯುತ್ತಿದ್ದ ಹುಡುಗರು ದಡಬಡಿಸಿ ಕಟ್ಟೆ ಹತ್ತಿದರು. ಬೈಂಡಿಂಗ್ ಕಾಕಾ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡ.

ಚರ್ಚಿಗೆ ಹತ್ತಿರದ ದಾರಿಯೊಂದಿತ್ತು. ನಾನು ಬೇಕಂತಲೇ ಬಜಾರೆಲ್ಲ ಸುತ್ತಿಕೊಂಡು ಹೋದೆ.