ಕಂಚಿನ ಮನುಷ್ಯನ ಹೆಬ್ಬೆರಳು

ಸೂಜಿ ಬಾಗಿತು. ನೀರು ಬರಲಿಲ್ಲ.

ಯುವಾನ್ ವೈದ್ಯರು ಗಡ್ಡ ನೀವಿಕೊಂಡರು. ಶಿಷ್ಯ ಬೋಶಾನ್ ಬೆವತುಹೋದ. ಅವನೆದುರು ನಿಂತಿದ್ದದ್ದು ಆಳೆತ್ತರದ ಕಂಚಿನ ಮನುಷ್ಯ. ಒಳಗೆಲ್ಲ ಟೊಳ್ಳು, ಟೊಳ್ಳಿನ ತುಂಬ ನೀರು, ಮೈತುಂಬ ಸಣ್ಣ ತೂತು, ತೂತು ಕಾಣದಂತೆ ಮೇಲೆ ಮೇಣ. ಮೈಯೊಳಗೆ ಪ್ರಾಣಶಕ್ತಿ ಹರಿಯುವ ದಾರಿ ಬಲ್ಲವನು ಚುಚ್ಚಿದರೆ ನೀರು ಜಿನುಗುತ್ತದೆ. ಅರಿಯದವನು ಚುಚ್ಚಿದರೆ ಸೂಜಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಮುಂದಿನ ಹುಣ್ಣಿಮೆಗೆ ಇನ್ನೊಂದು ಸಲ, ಆಗಲೂ ಆಗದಿದ್ದರೆ ಗಂಟುಮೂಟೆ ಕಟ್ಟು ಎಂದರು ವೈದ್ಯರು.

ನಿಜ ಹೇಳಬೇಕೆಂದರೆ, ಸೂಜಿ ಕಂಡರೇ ಬೋಶಾನನಿಗೆ ಆಗುತ್ತಿರಲಿಲ್ಲ. ಚೀನಾದ ಕೈಫೆಂಗ್ ಪಟ್ಟಣದ ಈ ಮನೆಗೆ ಅವನು ಜೋತುಬಿದ್ದದ್ದು ವೈದ್ಯರ ಒಬ್ಬಳೇ ಮಗಳು ಲಾನ್‌ಯಿಂಗ್‌ಗಾಗಿ. ಗಂಟು ಕಟ್ಟಿದರೆ ಅವಳ ಆಸೆಯನ್ನೂ ಬಿಟ್ಟ ಹಾಗೆಯೇ.

ಲಾನ್‌ಯಿಂಗ್ ಏನು ಕಮ್ಮಿಯೇ? ಪ್ರಾಣಶಕ್ತಿಯ ಹನ್ನೆರಡು ದಾರಿಗಳೂ ಅವಳಿಗೆ ಬಾಯಿಪಾಠ. ಯಾರೂ ಕಲಿಸಿದ್ದಲ್ಲ. ಆ ಮನೆತನದ ಸೂಜಿವಿದ್ಯೆ ಅಪ್ಪನಿಂದ ಮಗನಿಗೆ ಹೋಗತಕ್ಕದ್ದು. ಮಗಳು ಇನ್ನೊಬ್ಬರ ಮನೆ ಸೇರುವವಳು, ಅವಳಿಗಿಲ್ಲ. ವೈದ್ಯರಿಗೋ ಗಂಡು ಸಂತಾನವಿಲ್ಲ. ಅದೇ ಅವರ ಕೊರಗು. ಮಗಳು ಮಾತ್ರ ಪರದೆಯ ಹಿಂದೆ ಚಹಾ ಕಾಯಿಸುತ್ತ ಎಲ್ಲವನ್ನೂ ಕಿವಿಗೆ ಹಾಕಿಕೊಂಡಿದ್ದಳು.

ಮಾರನೆಯ ದಿನ ಅಡುಗೆಮನೆಯ ಹಿಂದೆ ಬೋಶಾನನನ್ನು ತರಾಟೆಗೆ ತೆಗೆದುಕೊಂಡಳು.

“ಚುಚ್ಚೋ ಜಾಗದ ಅಳತೆ ಯಾರ ಹೆಬ್ಬೆರಳಲ್ಲಿ ತಗೊಂಡೆ?”

“ನನ್ನದರಲ್ಲೇ.”

“ಅಯ್ಯೋ ದಡ್ಡ, ಚುಚ್ಚಿಸ್ಕೊಳ್ಳೋನ ಹೆಬ್ಬೆರಳಲ್ಲಿ ಅಳೀಬೇಕು ಕಣೋ. ನಿಂದೇನು ಹೆಬ್ಬೆರಳೋ, ಮೂಲಂಗಿಯೋ?”

ಅಂದಿನಿಂದ ಪಾಠ ಶುರುವಾಯಿತು. ಬೂದುಗುಂಬಳಕಾಯಿಯನ್ನೇ ಬೆನ್ನು ಎಂದುಕೊಂಡು ಅವಳು ಅದರ ಸಿಪ್ಪೆಯ ಮೇಲೆ ಮಸಿಯಲ್ಲಿ ದಾರಿ ಬರೆಯುತ್ತಿದ್ದಳು. ಪಾಠ ಮುಗಿದ ಮೇಲೆ ಬೆನ್ನು ಸಾರಿಗೆ ಬೀಳುತ್ತಿತ್ತು. ಪಿತ್ತಕೋಶದ ದಾರಿ ಕಣ್ಣಂಚಿನಲ್ಲಿ ಹುಟ್ಟಿ, ತಲೆಯ ಪಕ್ಕದಲ್ಲಿ ಸುತ್ತಾಡಿ, ಕಾಲ್ಬೆರಳಿಗೆ ಹೋಗಿ ಸೇರುತ್ತದೆ. ತನ್ನ ಮುಖದ ಮೇಲೇ ಬೆರಳಿಟ್ಟು ಅದನ್ನು ತೋರಿಸಿದಳು. ಬೋಶಾನ್ ಅವಳ ಕಣ್ಣಂಚು ಬಿಟ್ಟು ಕದಲಲು ಬಹಳ ದಿನ ತೆಗೆದುಕೊಂಡ.

“ನೀನು ಗೆದ್ದು ತೋರ್ಸು,” ಎಂದಳು. “ಆಮೇಲೆ ಅಪ್ಪ ನಿನ್ನನ್ನ ಈ ಮನೆಯಿಂದ ಕಳಿಸೋ ಮಾತೇ ಇಲ್ಲ.”

ಹುಣ್ಣಿಮೆ ಬಂತು. ಬೋಶಾನ್ ಮೊದಲು ಕಂಚಿನ ಮನುಷ್ಯನ ಹೆಬ್ಬೆರಳಿನ ಅಗಲ ಅಳೆದುಕೊಂಡ. ಅದನ್ನು ಕಂಡು ವೈದ್ಯರ ಹುಬ್ಬು ಮೇಲೇರಿತು. ಮೊಣಕಾಲ ಕೆಳಗೆ ಚುಚ್ಚಿದ, ನೀರು ಬಂತು. ಬೆನ್ನಿಗೆ ಚುಚ್ಚಿದ, ಬಂತು. ಕಿವಿಯ ಹಿಂದೆ ಚುಚ್ಚಿದಾಗ ಸೀದಾ ವೈದ್ಯರ ಗಡ್ಡಕ್ಕೇ ಚಿಮ್ಮಿತು. ಮುದುಕರು ಒದ್ದೆ ಗಡ್ಡದಲ್ಲೇ ಮಗುವಿನ ಹಾಗೆ ನಕ್ಕರು. ಪರದೆಯ ಹಿಂದೆ ಬಟ್ಟಲೊಂದು ಬಿದ್ದು ಒಡೆಯಿತು.

ಸಂಜೆ ವೈದ್ಯರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಟ್ಟಿದ ದಿನ, ಗಳಿಗೆ ಎಲ್ಲ ಕೇಳಿದರು. ಆಮೇಲೆ, “ಅಪ್ಪ ಅಮ್ಮ ಇದಾರೇನಪ್ಪಾ?”

“ಇಬ್ಬರೂ ಹೋಗಿಬಿಟ್ಟರು, ಗುರುಗಳೇ.”

“ಒಳ್ಳೇದೇ ಆಯ್ತು,” ಎಂದವರು ನಾಲಗೆ ಕಚ್ಚಿಕೊಂಡು, “ಪಾಪ,” ಎಂದು ಸೇರಿಸಿದರು.

ಲಾನ್‌ಯಿಂಗ್ ಅದನ್ನು ಕೇಳಿಸಿಕೊಂಡು ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಮಗಳಿಗೆ ಅತ್ತೆಯ ಕಾಟ ಇರುವುದಿಲ್ಲವೆಂದು ಅಪ್ಪನಿಗೆ ಎಷ್ಟು ಸಮಾಧಾನ ನೋಡಿ!

ಮರುದಿನವೇ ದರ್ಜಿ ಬಂದು ಬೋಶಾನನ ಮೈಯಳತೆ ತೆಗೆದುಕೊಂಡು ಹೋದ. ಹುಂಜ ಬಂತು, ಮದ್ಯದ ಜಾಡಿ ಬಂತು. ಯುವಾನ್ ಕುಲದ ಹಿರಿಯರಿಗೆಲ್ಲ ಹೇಳಿಕಳಿಸಿದ್ದಾಯಿತು. ತನಗೆ ಯಾರೂ ಏನೂ ಹೇಳಲಿಲ್ಲವೆಂದು ಲಾನ್‌ಯಿಂಗ್‌ಗೆ ಬೇಸರವಿಲ್ಲ. ಇಂಥದ್ದನ್ನು ಹೆಣ್ಣುಮಕ್ಕಳಿಗೆ ಯಾರು ಹೇಳುತ್ತಾರೆ? ತಾನಾಗಿಯೇ ಪೆಟ್ಟಿಗೆ ತೆಗೆದು ರೇಷ್ಮೆ ಉಟ್ಟಳು.

ಶುಭದಿನ ಬೆಳಿಗ್ಗೆ, ಪೂರ್ವಜರ ಹೆಸರು ಕೆತ್ತಿದ ಹಲಗೆಗಳ ಮುಂದೆ ಬೋಶಾನ್ ಹೊಸ ನಿಲುವಂಗಿ ತೊಟ್ಟು ಮಂಡಿಯೂರಿದ. ಹಣೆ ನೆಲಕ್ಕೆ ಮುಟ್ಟಿಸಿದ. ಇಂಥ ಸಂತೋಷ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಿರಿಯರೆಲ್ಲ ತಲೆದೂಗಿದರು. ಇನ್ನು ತಮ್ಮ ವಿದ್ಯೆ ಮನೆ ದಾಟಿ ಹೋಗುವುದಿಲ್ಲವೆಂದು ವೈದ್ಯರು ಪೂರ್ವಜರಿಗೆ ಅರಿಕೆ ಮಾಡಿಕೊಂಡರು, ಕಣ್ಣೊರೆಸಿಕೊಂಡರು, ಪರದೆಯ ಕಡೆ ತಿರುಗಿದರು.

“ಲಾನ್‌ಯಿಂಗ್, ಬಾರಮ್ಮ. ನಿನ್ನ ಅಣ್ಣನಿಗೆ ನಮಸ್ಕಾರ ಮಾಡು.”