ರಾಜ ಕಾಲಿಟ್ಟ ನೆಲ

“ಪ್ಲೀಸ್, ಬಿಸಿಯಾಗು,” ಎಂದ ಅರವಿಂದ, ಬಾತ್‌ರೂಮಿನ ನೆಲಕ್ಕೆ.

ಬಾಗಿಲಾಚೆ ತನ್ಮಯ್ ತೋಳು ಕಚ್ಚಿಕೊಂಡು ನಗು ತಡೆದ. ಸಂಜೆ ಡಚ್ಚರ ನಾಡಿನ ಜೂಟರ್‌ಮೀರ್ ಊರಿನಲ್ಲಿ ಕನ್ನಡ ಸಂಘದ ನಾಟಕ, ನಿರ್ದೇಶಕ ಅವನೇ. ರಾಜನ ಪಾತ್ರದ ಕೌಶಲ್‌ಗೆ ಬೆಳಗ್ಗೆ ಏಳುವಷ್ಟರಲ್ಲಿ ಗಂಟಲು ಕಟ್ಟಿ, ಕಾಗೆಯೂ ಹೆದರದಂಥ ದನಿ. ರಾಜನ ಮಾತೆಲ್ಲ ಬಾಯಿಪಾಠ ಇದ್ದದ್ದು ಇನ್ನೊಬ್ಬನಿಗೆ ಮಾತ್ರ: ಪರದೆಯ ಹಿಂದೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುವ ಅರವಿಂದನಿಗೆ. ಅವನೋ, “ಸ್ಟೇಜಾ? ನನ್ ವಾಯ್ಸ್ ನಂಗೇ ಕೇಳ್ಸಲ್ಲ,” ಎಂದು ಪಿಸುಗುಟ್ಟಿ ಸ್ನಾನಕ್ಕೆ ಹೊರಟಿದ್ದ.

ತನ್ಮಯ್‌ಗೆ ಐಡಿಯಾ ಹೊಳೆದದ್ದು ಆಗಲೇ. ಡೀಮೆನ್ ಊರಿನ ಅವನ ಬಾಡಿಗೆ ಫ್ಲ್ಯಾಟಿನ ಬಾತ್‌ರೂಮಿನಲ್ಲಿ ಟೈಲ್ಸ್ ಕೆಳಗೆ ಕರೆಂಟಿನ ಹೀಟಿಂಗ್. ಬಾಗಿಲ ಹೊರಗಿನ ಸ್ವಿಚ್ಚನ್ನು ಸದ್ದಿಲ್ಲದೆ ಒತ್ತಿ, “ಮಗಾ, ಇದು ವಾಯ್ಸ್ ಕಂಟ್ರೋಲ್. ಬಾಯಲ್ಲಿ ಹೇಳ್ಬೇಕು,” ಎಂದಿದ್ದ. ಸ್ವಿಚ್ ಹಾಕಿದರೂ ಆ ನೆಲ ತನ್ನದೇ ಸಾವಕಾಶದಲ್ಲಿ ಬಿಸಿಯಾಗುವುದನ್ನು ಹೇಳಿರಲಿಲ್ಲ.

“ಐಸ್ ಥರ ಇದೆ ಕಣೋ!”

“ಬೇಡ್ಕೊಂಡ್ರೆ ಬಿಸಿಯಾಗಕ್ಕೆ ಅದೇನು ನಿಮ್ಮತ್ತೆ ಮಗಳಾ? ಡೈಲಾಗ್ ಹೊಡಿ! ರಾಜನ ಎಂಟ್ರಿ ಸೀನ್!”

“ನಾನು ಕಾಲಿಟ್ಟ ನೆಲ ನನ್ನ ಮಾತು ಕೇಳಲೇಬೇಕು…”

“ರಾಜನೇನೋ ನೀನು? ಟ್ರಾಮಲ್ಲಿ ಸೀಟ್ ಕೇಳೋ ಹಂಗಿದೆ!”

ಒಳಗೆ ಹಲ್ಲು ಕಟಕಟ. ಆಮೇಲೆ ರೇಗಿತು. “ನಾನು ಕಾಲಿಟ್ಟ ನೆಲ ನನ್ನ ಮಾತು ಕೇಳಲೇಬೇಕು!” ದನಿ ಟೈಲ್ಸಿಗೆ ಬಡಿದು ದುಪ್ಪಟ್ಟಾಗಿ ಮರಳಿತು. ಅರವಿಂದನಿಗೆ ರುಚಿ ಹತ್ತಿತು. ಮಂತ್ರಿಯನ್ನು ಗದರಿದ, ಸೇನಾಪತಿಯನ್ನು ಗಡೀಪಾರು ಮಾಡಿದ. ಮೇಲಿನ ಮನೆಯವರು ನೆಲ ಕುಟ್ಟಿದರು. ಸೋಫಾದಲ್ಲಿ ಕಷಾಯ ಹೀರುತ್ತಿದ್ದ ಕೌಶಲ್ ಲೋಟ ಹಿಡಿದೇ ಎದ್ದು ನಿಂತ.

ಬಾಗಿಲು ತೆರೆಯಿತು. “ಕೇಳ್ತು ಕಣೋ! ಬೆಚ್ಚಗಾಯ್ತು!”

ತನ್ಮಯ್ ಅವನ ತಲೆಗೆ ರಟ್ಟಿನ ಕಿರೀಟ ಇಟ್ಟು, ಗೋಡೆಯ ಸ್ವಿಚ್ ತೋರಿಸಿದ. ಅರವಿಂದ ಸ್ವಿಚ್ ನೋಡಿದ, ತನ್ಮಯ್‌ನನ್ನು ನೋಡಿದ, ಒದ್ದೆ ಟವೆಲ್ಲಿನಿಂದ ಬೆನ್ನಿಗೆ ನಾಲ್ಕು ಬಾರಿಸಿದ. ಕಿರೀಟ ಮಾತ್ರ ತೆಗೆಯಲಿಲ್ಲ.

ಸಂಜೆ ಪರದೆ ಏಳುವ ಮುಂಚೆ ಅವನು ರಾಜನ ಜರಿ ಚಪ್ಪಲಿ ಕಳಚಿ ಬದಿಗಿಟ್ಟ. ರಂಗದ ಮೇಲೆ ಬರಿಗಾಲೂರಿ, ಮರೆಯಲ್ಲಿ ನಿಂತ ತನ್ಮಯ್ ಕಡೆ ಕಣ್ಣು ಹೊಡೆದ.

“ನೆಲ ಕೊರೀತಿದೆ ಮಗಾ. ಇಲ್ಲಿ ಸ್ವಿಚ್ ಎಲ್ಲಿದೆ ಅಂತ ಮಾತ್ರ ಹೇಳ್ಬೇಡ.”